ಮೊದಲ ಸಾಲಿಗೆ ಏಳುವ ಮಕ್ಕಳು

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ಹನ್ನೊಂದು, ಮಂಗಳವಾರ ಸಂಜೆ

ನನ್ನ ಹಟಮಾರಿ ಸೊಸೆಗೆ ಅತ್ತೆಯ ಪ್ರೀತಿ.

ಹೇಗಿದ್ದೀಯ? ಕಾಲು ಹೇಗಿದೆ ಎಂದು ಮೊದಲು ಹೇಳು, ಉಳಿದದ್ದೆಲ್ಲ ಆಮೇಲೆ. ಊರುಗೋಲು ಹಿಡಿದು ವಾರ್ಡಿನ ಬಾಗಿಲ ತನಕ ನಡೆದೆ ಎಂದು ಹೋದ ವಾರ ಬರೆದಿದ್ದೆ. ಈಗ ಬಾಗಿಲು ದಾಟಿರಬೇಕು. ದಾಟಿಲ್ಲವಾದರೂ ಚಿಂತೆಯಿಲ್ಲ, ಆದರೆ ವ್ಯಾಯಾಮ ಮಾಡಿಸುವ ಆ ಹುಡುಗಿಯ ಹತ್ತಿರ ನೋವಿಲ್ಲ ಎಂದು ಸುಳ್ಳು ಹೇಳಬೇಡ. ನಿನಗೆ ಆ ಅಭ್ಯಾಸ ಇದೆ. ಹೆರಿಗೆಯ ನೋವು ಶುರುವಾದಾಗಲೂ 'ಏನಿಲ್ಲ ಅತ್ತೆ, ಸ್ವಲ್ಪ ಬೆನ್ನು ಹಿಡ್ಕೊಂಡಿದೆ' ಅಂದವಳು ನೀನು. ತೊಡೆಯ ಮೂಳೆ ಮುರಿದವರು ಎರಡು ತಿಂಗಳಲ್ಲಿ ಓಡಬೇಕೆಂದು ಯಾರೂ ಕೇಳಿಲ್ಲ. ಆಸ್ಪತ್ರೆಯ ಊಟ ಸಪ್ಪೆ ಎಂದು ಅರ್ಧಕ್ಕೆ ಏಳಬೇಡ. ಸಪ್ಪೆ ಊಟಕ್ಕೂ ಮೂಳೆ ಕೂಡುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಗಳ ಮುಂದಿನ ಹಲ್ಲು ಬಿತ್ತು. 'ಅಮ್ಮ ಬಂದ್ಮೇಲೆ ಬೀಳ್ಬಹುದಿತ್ತು, ಇದಕ್ಕೇನ್ ಅವಸರ' ಎಂದು ಹಲ್ಲನ್ನೇ ಬೈದಳು. ನಿನ್ನ ಗಂಡ ಅಡುಗೆ ಕಲಿಯುತ್ತಿದ್ದಾನೆ. ಕಲಿಯುತ್ತಿದ್ದಾನೆ ಎಂದಷ್ಟೇ ಬರೆಯುತ್ತೇನೆ, ತಿನ್ನುವವಳು ನಾನಲ್ಲವೇ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಗ್ರಂಥಾಲಯವನ್ನು ಮುಚ್ಚಲು ಹೆಡ್‌ಮಾಸ್ಟರು ಹೊರಟಿದ್ದಾರೆ. ಎದೆ ಹಿಡಿದುಕೊಳ್ಳಬೇಡ, ಪೂರ್ತಿ ಓದು. ಕಪಾಟುಗಳನ್ನೆಲ್ಲ ನೆಲಮಾಳಿಗೆಗೆ ಸಾಗಿಸಿ, ಆ ಜಾಗದಲ್ಲಿ ಒಂಟಿ ಡೆಸ್ಕುಗಳನ್ನು ಸಾಲಾಗಿ ಹಾಕಿ, ವಸಂತದ ಟರ್ಮು ಮುಗಿಯುವವರೆಗೆ ಅದನ್ನು ಅಭ್ಯಾಸ ಪರೀಕ್ಷೆಯ ಕೋಣೆ ಮಾಡುವುದು ಅವರ ಯೋಜನೆ. ಕೋಣೆ ಹೋದರೆ ಕೋಣೆಯನ್ನು ನೋಡಿಕೊಳ್ಳುವವಳ ಹುದ್ದೆಯೂ ಹೋಗುತ್ತದೆ ಎನ್ನುವುದು ನಿನಗೆ ಗೊತ್ತು, ನನಗೆ ಗೊತ್ತು, ಅವರಿಗೂ ಗೊತ್ತು. ಅವರು ಹೊರಡಿಸಿದ ಸುತ್ತೋಲೆಗೆ ಮಾತ್ರ ಗೊತ್ತಿಲ್ಲ. ಅದರಲ್ಲಿ 'ತಾತ್ಕಾಲಿಕ ವ್ಯವಸ್ಥೆ' ಎಂದಿದೆ. ಆ ಪದ ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಬೀದಿಯ ತುದಿಯಲ್ಲಿ ಒಂದು ವಾಚನಾಲಯ ಇತ್ತು, ನೀನು ನೋಡಿಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ ಸಂಜೆ ಅಲ್ಲಿಗೆ ಹೋಗಿ ಪತ್ರಿಕೆ ಓದಿ ಬರುತ್ತಿದ್ದೆ. ಛಾವಣಿ ಸೋರುತ್ತದೆ, ರಿಪೇರಿ ಮಾಡಿಸಬೇಕು ಎಂದು ತಾತ್ಕಾಲಿಕವಾಗಿ ಮುಚ್ಚಿದರು. ಈಗ ಅಲ್ಲಿ ಟೈರು ಮಾರುತ್ತಾರೆ. ಛಾವಣಿ ಇನ್ನೂ ಸೋರುತ್ತದೆ. ರೈಲು ನಿಲ್ದಾಣದಲ್ಲಿ ಹೆಂಗಸರ ವಿಶ್ರಾಂತಿ ಕೋಣೆಯನ್ನು ತಾತ್ಕಾಲಿಕವಾಗಿ ಪಾರ್ಸಲ್ ಇಡಲು ತೆಗೆದುಕೊಂಡಾಗ ನಾವು ಕೆಲವರು ಹೋಗಿ ಜಗಳ ಆಡಿದ್ದೆವು. 'ಒಂದು ತಿಂಗಳು ಸಹಿಸ್ಕೊಳ್ಳಿ ತಾಯಿ' ಅಂದಿದ್ದ ನಿಲ್ದಾಣದ ಅಧಿಕಾರಿ ನಿವೃತ್ತನಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ, ಪಾರ್ಸಲ್‌ಗಳು ಇನ್ನೂ ವಿಶ್ರಾಂತಿ ತೆಗೆದುಕೊಳ್ಳುತ್ತಿವೆ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಕಾಲದಲ್ಲಿ ಈ ಪದವನ್ನು ನನ್ನ ಬೆರಳುಗಳಿಂದಲೇ ಎಷ್ಟು ಸಲ ಹೊಡೆದಿದ್ದೇನೋ. ಹಾಗೆ ಹೋದದ್ದು ತಿರುಗಿ ಬಂದದ್ದನ್ನು ಟೈಪ್ ಮಾಡಿದ ನೆನಪು ಮಾತ್ರ ಇಲ್ಲ.

ಇದೆಲ್ಲ ಹೇಗೆ ಶುರುವಾಯಿತು ಎಂದು ಕೇಳುತ್ತೀಯ. ಕಾರಣ ನಾನೇ. ತಪ್ಪು ನನ್ನದು ಎಂದು ಒಪ್ಪಿಕೊಳ್ಳುತ್ತೇನೆ, ಅದಕ್ಕೆ ತಲೆ ತಗ್ಗಿಸು ಎಂದರೆ ಮಾತ್ರ ತಗ್ಗಿಸುವುದಿಲ್ಲ.

ನೀನು ಗ್ರಂಥಾಲಯದ ಏಣಿಯಿಂದ ಬಿದ್ದ ಮೇಲೆ ಕೋಣೆಗೆ ಬೀಗ ಬೀಳುವುದರಲ್ಲಿತ್ತು. ನಾನು ಹೋಗಿ 'ಸಂಬಳ ಬೇಡ, ಕುರ್ಚಿ ಕೊಡಿ ಸಾಕು, ಸೊಸೆ ಬರೋ ತನಕ ಕೂತಿರ್ತೀನಿ' ಅಂದೆ. ಬೇಡ ಎನ್ನಲು ಹೆಡ್‌ಮಾಸ್ಟರಿಗೆ ಆ ಕ್ಷಣಕ್ಕೆ ಕಾರಣ ಹೊಳೆಯಲಿಲ್ಲ. ಮಾರನೆಯ ದಿನ ನಾನು ಆಸ್ಪತ್ರೆಗೆ ಬಂದಾಗ ನೀನು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದೆ, ಆದರೂ ವಸಂತದ ಟರ್ಮಿನ ನಿಯಮಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕಿಟಕಿಯ ಪಕ್ಕದಲ್ಲೇ ಇರಬೇಕು, ಯಾರೂ ಕೇಳಿ ಪಡೆಯುವಂತಿರಬಾರದು. ದಪ್ಪ ಪುಸ್ತಕ ಒಯ್ಯುವವರ ಕೈಗೆ ಒಂದು ತೆಳುವಾದದ್ದನ್ನೂ ಕೊಡಬೇಕು. ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತವರನ್ನು ಮಾತನಾಡಿಸಬಾರದು, ಅವರು ಅಳುವುದಕ್ಕೆಂದು ಬಂದಿರುತ್ತಾರೆ. ಎಲ್ಲಕ್ಕೂ ನಾನು ತಲೆಯಾಡಿಸಿದೆ. ಆಮೇಲೆ ನೀನು ಮಲಗುವವರ ಸಾಲಿನ ವಿಷಯ ತೆಗೆದಾಗ, ಪಾಪ, ಔಷಧಿಯ ಅಮಲಿನಲ್ಲಿ ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಉದ್ದ ಮೇಜಿನ ಮೇಲೆ ತಲೆಯಿಟ್ಟು ಮಲಗಲು ಮಕ್ಕಳಿಗೆ ಬಿಡಬೇಕು. ಮಲಗುವ ಮೊದಲು ತಮಗೆ ಬೇಕಾದ ಒಂದು ಪುಸ್ತಕ ಆರಿಸಿ ಮೊಣಕೈ ಪಕ್ಕ ಇಟ್ಟುಕೊಳ್ಳಬೇಕು. ಎಬ್ಬಿಸುವಾಗ ಮೈ ಮುಟ್ಟಬಾರದು, ಹೆಸರು ಕೂಗಬಾರದು, ಮೇಜು ತಟ್ಟಬಾರದು. ಆ ಪುಸ್ತಕ ತೆರೆದು ಅದರ ಮೊದಲ ಸಾಲನ್ನು ಕಿವಿಯ ಹತ್ತಿರ ಓದಬೇಕು, ಅಷ್ಟೇ. 'ಬೆಚ್ಚಿ ಎದ್ದ ಮಗು ಇಡೀ ದಿನ ಬೆಚ್ಚಿಕೊಂಡೇ ಇರುತ್ತೆ ಅತ್ತೆ. ಒಂದು ವಾಕ್ಯ ಹಿಡ್ಕೊಂಡು ಎದ್ರೆ ಅದರ ಹಿಂದೇನೇ ಹೋಗುತ್ತೆ' ಅಂದೆ ನೀನು. ನಾನು ನಿನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ್ದು ನೆನಪಿದೆಯೇ.

ನೀನು ಹೇಳಿದ್ದೇ ಸರಿ. ನಿದ್ದೆಗೆಂದು ಬರುವ ಮಕ್ಕಳು ಪುಸ್ತಕ ಆರಿಸುವುದನ್ನು ನೋಡಬೇಕು, ಅಂಗಡಿಯಲ್ಲಿ ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ. ಮೊದಲ ಪುಟ ತೆರೆದು ಇಣುಕುವಂತಿಲ್ಲ, ಅದು ಮೋಸ ಎಂದು ಅವರವರೇ ಕಾಯುತ್ತಾರೆ. ಒಬ್ಬ ಹುಡುಗ ಸೇತುವೆ ಕಟ್ಟುವುದರ ಬಗೆಗಿನ ಪುಸ್ತಕ ಇಟ್ಟುಕೊಂಡು ಮಲಗಿದ್ದ. 'ಸೇತುವೆ ಬೀಳುವ ಮೊದಲು ಸದ್ದು ಮಾಡುತ್ತದೆ' ಎಂದು ಓದಿದೆ. ಕಣ್ಣು ಬಿಟ್ಟವನು 'ಎಂಥ ಸದ್ದು?' ಎಂದು ಕೇಳಿ, ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡೇ ಹೋದ. ಮೊದಮೊದಲು ನನಗೆ ಈ ಕೆಲಸ ಒಗ್ಗಲಿಲ್ಲ. ನನ್ನ ಗಂಟಲು ನಿನಗೆ ಗೊತ್ತಲ್ಲ. ಒಬ್ಬಳ ಕಿವಿಯಲ್ಲಿ ಓದಿದರೆ ಇಡೀ ಸಾಲು ತಲೆ ಎತ್ತುತ್ತಿತ್ತು. 'ಅಜ್ಜೀ, ತೀರ್ಪು ಓದ್ತಿಲ್ಲ ನೀವು, ಸ್ವಲ್ಪ ಮೆಲ್ಲಗೆ' ಎಂದು ಆಕಳಿಕೆ ನನಗೆ ಬುದ್ಧಿ ಹೇಳಿದಳು.

ಆಕಳಿಕೆ ಎಂದರೆ ಯಾರೆಂದು ನಿನಗೆ ಹೇಳಬೇಕಿಲ್ಲ, ಆ ಹೆಸರಿಟ್ಟವಳೇ ನೀನಂತೆ. ಕೊನೆಯ ವರ್ಷದ ಆ ಉದ್ದ ಜಡೆಯ ಹುಡುಗಿ. ಅವಳ ಮನೆ ಎಂದರೆ ಒಂದೇ ಕೋಣೆ. ಅಮ್ಮ ಅಂಗಡಿಗಳಿಗೆ ಬಟ್ಟೆ ಹೊಲಿಯುತ್ತಾಳೆ. ಎಲ್ಲರೂ ಮಲಗಿದ ಮೇಲೂ ಮಿಷನ್ ನಿಲ್ಲುವುದಿಲ್ಲ. ಅಪ್ಪ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುತ್ತಾನೆ. ನಡುವೆ ತೊಟ್ಟಿಲಲ್ಲಿ ಇನ್ನೊಂದು ಬಂದಿದೆ. 'ಓದೋಕೆ ಜಾಗ ಇದೆ ಅಜ್ಜಿ, ಮೆಟ್ಟಿಲ ಮೇಲೆ ಕೂತು ಓದ್ತೀನಿ. ಮೆಟ್ಟಿಲ ಮೇಲೆ ಮಲಗೋಕಾಗಲ್ಲ' ಅಂದಳು ಒಂದು ದಿನ, ಬಸ್ಸು ತಪ್ಪಿತು ಎನ್ನುವಷ್ಟು ಸಲೀಸಾಗಿ. ಆ ಮಗುವಿಗೆ ದಿನದಲ್ಲಿ ಸರಿಯಾದ ನಿದ್ದೆ ಎಂದರೆ ನಿನ್ನ ಉದ್ದ ಮೇಜಿನ ಮೇಲಿನದೊಂದೇ. ಅವಳಿಗೆ ಇನ್ನೊಂದು ಅಭ್ಯಾಸ ಪರೀಕ್ಷೆ ಕೊಟ್ಟರೆ ಉದ್ಧಾರವಾಗುತ್ತಾಳಂತೆ. ಹೇಳುವವರು ಕಣ್ತುಂಬ ನಿದ್ದೆ ಮಾಡಿ ಎದ್ದು ಬಂದವರು.

ಹೋದ ಗುರುವಾರ ಅವಳು ಮೊಣಕೈ ಪಕ್ಕ ಇಟ್ಟುಕೊಂಡಿದ್ದು ರಟ್ಟು ಕಿತ್ತುಹೋದ ಒಂದು ಕಾದಂಬರಿ. ಯಾರು ಬರೆದದ್ದೋ, ಹೆಸರೇನೋ, ಹೆಸರಿನ ಹಾಳೆಯೇ ಇಲ್ಲ. ಎಬ್ಬಿಸುವ ಹೊತ್ತಾಯಿತು ಎಂದು ತೆರೆದೆ. 'ಊರಿನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಹೆಂಗಸು ತೀರಿಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಗಡಿಯಾರ ನಡೆಯುತ್ತಲೇ ಇತ್ತು.' ಈಗ ನೀನೇ ಹೇಳು, ಇಂಥ ಸಾಲು ಓದಿ ಯಾವ ಮನುಷ್ಯರು ಪುಸ್ತಕ ಮುಚ್ಚುತ್ತಾರೆ? ಎರಡನೆಯ ಸಾಲು ಓದಿದೆ, ಅವಳಿಗಾಗಿ ಅಲ್ಲ, ನನಗಾಗಿ. ಆಮೇಲೆ ಆ ಪುಟ ಮುಗಿಯಲಿ ಅಂದುಕೊಂಡೆ. ಆಕಳಿಕೆ ಎದ್ದು ಗಲ್ಲಕ್ಕೆ ಕೈ ಕೊಟ್ಟು ಕೂತಳು. ಪಕ್ಕದವನು ಎದ್ದ, ಅವನ ಪಕ್ಕದವಳು ಎದ್ದಳು, ಕಿಟಕಿಯ ಹತ್ತಿರ ಪ್ರಶ್ನೆಪತ್ರಿಕೆ ತಿರುವುತ್ತಿದ್ದವರು ಕುರ್ಚಿ ಎಳೆದುಕೊಂಡು ಬಂದರು. ಗಂಟೆ ಹೊಡೆಯಿತಂತೆ. ನನಗೆ ಕೇಳಿಸಲಿಲ್ಲ, ಅವರಿಗೆ ಕೇಳಿಸಿದ್ದರೂ ಯಾರೂ ಹೇಳಲಿಲ್ಲ. ಮಹಡಿಯ ಮೇಲೆ ಗಣಿತದ ಅಭ್ಯಾಸ ಪರೀಕ್ಷೆಗೆ ಅರ್ಧ ತರಗತಿಯೇ ಇಲ್ಲ. ಹುಡುಕಿಕೊಂಡು ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತು 'ಏನ್ ನಡೀತಿದೆ ಇಲ್ಲಿ' ಎಂದಾಗ ಕಾದಂಬರಿಯಲ್ಲಿ ಗಡಿಯಾರದ ಗೋಪುರದ ಬಾಗಿಲನ್ನು ಒಳಗಿನಿಂದ ಯಾರೋ ತೆಗೆಯುತ್ತಿದ್ದರು. ಸಾಲಿನ ಯಾರೋ ಒಬ್ಬರು ತಿರುಗಿಯೂ ನೋಡದೆ 'ಶ್ಶ್' ಅಂದುಬಿಟ್ಟರು. ಯಾರೆಂದು ನಾನು ಅವತ್ತೂ ಹೇಳಲಿಲ್ಲ, ಈಗಲೂ ಬರೆಯುವುದಿಲ್ಲ.

ಆ ಪರೀಕ್ಷೆಯನ್ನು ಶನಿವಾರ ಮತ್ತೆ ಬರೆಸಿದರು. ಎಲ್ಲರೂ ಬರೆದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಸುತ್ತೋಲೆ ಹೊರಟಾಗಿತ್ತು, ಇವತ್ತು ಬೆಳಗ್ಗೆ ಶಾಲಾ ಸಮಿತಿಯ ಮುಂದೆ ನಾನು ಬರಬೇಕು ಎಂದು ಹೇಳಿಕಳಿಸಿದ್ದರು. ನಿನ್ನ ಗಂಡ 'ಅಮ್ಮಾ, ಹೋಗಿ ಸಾರಿ ಅಂತ ಹೇಳಿ ಬಂದ್ಬಿಡು, ಎಳೀಬೇಡ' ಎಂದು ಬೆಳಗಿನಿಂದ ಹಿಂದೆ ಮುಂದೆ ಸುತ್ತುತ್ತಿದ್ದ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ. ಸಾರಿ ಮನೆಯಲ್ಲೇ ಬಿಟ್ಟು ಹೋದೆ.

ಹೆಡ್‌ಮಾಸ್ಟರು ಕೆಟ್ಟವರಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೆದರಿದವರು. ಹೋದ ವರ್ಷ ಫಲಿತಾಂಶ ಕುಸಿದಾಗ ಮೇಲಿನವರು ಅವರನ್ನು ನಿಲ್ಲಿಸಿಕೊಂಡು ಬೈದಿದ್ದಾರೆ. ಬೈಸಿಕೊಂಡವರು ತಮ್ಮ ಕೈಗೆ ಸಿಕ್ಕಿದ್ದನ್ನು ಮುಚ್ಚುತ್ತಾರೆ, ಅವರ ಕೈಗೆ ಸಿಕ್ಕಿದ್ದು ನಿನ್ನ ಕೋಣೆ. ಉದ್ದಕ್ಕೆ ವರದಿ ಓದಿದರು. 'ಶಾಲೆ ಇರೋದು ಮಲಗೋದಕ್ಕಲ್ಲ. ಟರ್ಮಿನ ಇಂಥ ಹೊತ್ತಲ್ಲಿ ಗ್ರಂಥಾಲಯ ಮಕ್ಕಳಿಗೆ ಏನು ಕೊಡ್ತಿದೆ ಅಂತ ನಾವು ಕೇಳ್ಕೋಬೇಕು' ಎಂದು ಮುಗಿಸಿದರು. ಏನು ಕೊಡುತ್ತಿದೆ ಎನ್ನುವುದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಎದ್ದು ನಿಂತೆ. 'ಸ್ವಾಮಿ, ಈ ಮಕ್ಕಳು ಬೆಳಗ್ಗೆ ಗೇಟಿನ ಒಳಗೆ ಕಾಲಿಟ್ಟಾಗಿನಿಂದ ಉತ್ತರ ಹೇಳ್ತಾನೇ ಇದ್ದಾರೆ. ಮೇಷ್ಟ್ರಿಗೆ ಉತ್ತರ, ಪತ್ರಿಕೆಗೆ ಉತ್ತರ, ಮನೆಗೆ ಹೋದ್ರೆ ಎಷ್ಟು ಬಂತು ಅನ್ನೋದಕ್ಕೆ ಉತ್ತರ. ನಿಮ್ಮ ಇಷ್ಟು ದೊಡ್ಡ ಕಟ್ಟಡದಲ್ಲಿ ಅವರನ್ನ ಏನೂ ಕೇಳದೆ ಒಳಗೆ ಬಿಡೋ ಕೋಣೆ ಅದೊಂದೇ. ಅದಕ್ಕೂ ಡೆಸ್ಕ್ ಹಾಕ್ತೀವಿ ಅಂತೀರಿ. ಹಾಕಿ. ಆದ್ರೆ ಮಕ್ಕಳ ಒಳ್ಳೇದಕ್ಕೆ ಹಾಕ್ತಿದ್ದೀವಿ ಅಂತ ಮಾತ್ರ ಬರೀಬೇಡಿ, ನಮ್ಮ ಹೆದರಿಕೆಗೆ ಹಾಕ್ತಿದ್ದೀವಿ ಅಂತ ಬರೀರಿ' ಅಂದೆ.

ಇಷ್ಟು ಚೆಂದದ ಮಾತು ಆಡಿ ಅಧ್ಯಕ್ಷರ ಕಡೆ ತಿರುಗಿದರೆ ಅವರು ನಿದ್ದೆ ಹೋಗಿದ್ದರು. ಅದೇ, ಮಾರುಕಟ್ಟೆ ರಸ್ತೆಯಲ್ಲಿ ಹಲ್ಲು ಕೀಳುವ ದಪ್ಪ ಡಾಕ್ಟರು. ನನ್ನ ಮಾತಿಗಲ್ಲ, ವರದಿಯ ಎರಡನೆಯ ಪುಟದಲ್ಲೇ ಹೋಗಿದ್ದರೆಂದು ಪಕ್ಕದವರು ಸಾಕ್ಷಿ ಹೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬರು ಭುಜ ಅಲುಗಿಸಲು ಹೋದರು. 'ಮುಟ್ಟಬೇಡಿ, ಅದಕ್ಕೊಂದು ಪದ್ಧತಿ ಇದೆ' ಅಂದೆ. ಅವರ ಮೊಣಕೈ ಪಕ್ಕ ಇದ್ದದ್ದು ಸುತ್ತೋಲೆ. ತೆಗೆದು ಕಿವಿಯ ಹತ್ತಿರ ಮೊದಲ ಸಾಲು ಓದಿದೆ. 'ಲಭ್ಯವಿರುವ ಸ್ಥಳಾವಕಾಶದ ಸಮರ್ಪಕ ಬಳಕೆಯ ದೃಷ್ಟಿಯಿಂದ ಹಾಗೂ ಸಂಬಂಧಪಟ್ಟ ಎಲ್ಲರ ಹಿತಾಸಕ್ತಿಯನ್ನು ಗಮನದಲ್ಲಿರಿಸಿಕೊಂಡು.' ಗೊರಕೆ ಇನ್ನೂ ಗಟ್ಟಿಯಾಯಿತು. ಹೆಡ್‌ಮಾಸ್ಟರೂ ಬಾಯಿಗೆ ಕರವಸ್ತ್ರ ಹಿಡಿದರು, ನಕ್ಕರೋ ಕೆಮ್ಮಿದರೋ. ಆಗ ನಾನು ಗಡಿಯಾರದ ಹೆಂಗಸಿನ ಸಾಲು ಹೇಳಿದೆ, ಅದು ನನಗೆ ಬಾಯಿಪಾಠವಾಗಿಬಿಟ್ಟಿದೆ. ಡಾಕ್ಟರು ಕಣ್ಣು ಬಿಟ್ಟು 'ಮತ್ತೆ ಕೀಲಿ ಯಾರು ಕೊಡ್ತಿದ್ರು?' ಅಂದರು. ಆ ಸಾಲಿಗೆ ಎದ್ದರೋ ನನ್ನ ಗಂಟಲಿಗೆ ಎದ್ದರೋ, ಆಣೆ ಇಟ್ಟು ಹೇಳಲಾರೆ. ನಾನಂತೂ ಯಾರು ಕೊಡುತ್ತಿದ್ದರು ಎಂದು ಹೇಳಲಿಲ್ಲ.

ಆದರೆ ಹೆಡ್‌ಮಾಸ್ಟರು ಅಷ್ಟಕ್ಕೆ ಬಿಡಲಿಲ್ಲ. 'ಅಮ್ಮಾ, ನೀವು ಯಾವ ಗ್ರಂಥಪಾಲಕಿಯ ಪರ ಮಾತಾಡ್ತಿದ್ದೀರಿ? ಆ ಹುದ್ದೆ ಹೆಚ್ಚುಕಡಿಮೆ ಖಾಲಿನೇ ಅಲ್ವಾ' ಎಂದು ಮೆಲ್ಲಗೆ, ನನಗೇ ಏನೋ ಗೊತ್ತಿರಬೇಕು ಎನ್ನುವ ಹಾಗೆ ಕೇಳಿದರು. 'ಮುರಿದಿದ್ದು ಅವಳ ಕಾಲು, ಹುದ್ದೆಯಲ್ಲ' ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಡಾಕ್ಟರ ಕಡೆ ತಿರುಗಿದರು. ಕೊನೆಗೆ ಡಾಕ್ಟರು ಹೀಗೆ ತೀರ್ಮಾನ ಮಾಡಿದರು. ಮುಂದಿನ ಟರ್ಮಿಗೆ ಕೆಲಸಕ್ಕೆ ಬರುತ್ತೇನೆ ಎಂದು ನೀನೇ ಬರೆದು ತಿಳಿಸಿದರೆ ಕೋಣೆ ಇದ್ದ ಹಾಗೇ ಇರುತ್ತದೆ, ಮಲಗುವವರ ಸಾಲೂ ಇರುತ್ತದೆ. ನೀನು ಬರುವುದಿಲ್ಲವಾದರೆ ಡೆಸ್ಕುಗಳು ಒಳಗೆ ಬರುತ್ತವೆ. ಬರುವ ಸೋಮವಾರದೊಳಗೆ ನಿನ್ನ ಮಾತು ಅವರ ಕೈಗೆ ಸೇರಬೇಕು. ಅಲ್ಲಿಯವರೆಗೆ ನಾನು ಒಂದು ವಾಕ್ಯಕ್ಕಿಂತ ಹೆಚ್ಚು ಓದುವಂತಿಲ್ಲ ಎಂದೂ ಸೇರಿಸಿದರು. ಒಪ್ಪಿಕೊಂಡೆ. ವಾಕ್ಯ ಎಷ್ಟು ಉದ್ದ ಇರಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆಯಿಂದ ಉದ್ದ ವಾಕ್ಯದ ಪುಸ್ತಕಗಳನ್ನು ಮಕ್ಕಳ ಕೈಗೆ ಸಿಗುವಂತೆ ಕಪಾಟಿನ ಕೆಳಗಿನ ಅರೆಗೆ ಇಳಿಸುತ್ತೇನೆ.

ಹಾಗಾಗಿ ಎರಡು ಸಾಲು ಬರೆ, ಸಾಕು. ಬೆಳಗಿನ ಅಂಚೆಗೆ ಹಾಕಿಸು. ನಿನ್ನ ಕೋಣೆಯ ಕಿಟಕಿಯಾಚೆ ಮರ ಚಿಗುರಿದೆ, ಮಧ್ಯಾಹ್ನ ಅದರ ನೆರಳು ಉದ್ದ ಮೇಜಿನ ಮೇಲೆ ಬೀಳುತ್ತದೆ, ಮಲಗಿದವರ ಕೂದಲ ಮೇಲೆ ಆಡುತ್ತದೆ. ಅದನ್ನು ನೋಡಿಕೊಂಡು ಕೂತಿರುವಾಗ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ ಕಣೇ. ನನ್ನ ನೌಕರಿಯಲ್ಲಿ ನಾನು ಯಾರನ್ನೂ ಹೀಗೆ ಎಬ್ಬಿಸಿದ್ದಿಲ್ಲ.

ಮೂಳೆ ಗಟ್ಟಿಯಾಗಲಿ, ಹಟ ಅದಕ್ಕಿಂತ ಗಟ್ಟಿಯಾಗಿರಲಿ. ವಾರ್ಡಿನಲ್ಲಿ ನಿನ್ನ ಪಕ್ಕದ ಹಾಸಿಗೆಯ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳು ಇಲ್ಲೇ ಕೂತು ಮುತ್ತು ಕಳಿಸುತ್ತಿದ್ದಾಳೆ, ಕಾಗದ ಒದ್ದೆಯಾದರೆ ಅದು ನನ್ನ ಕಣ್ಣೀರಲ್ಲ.

ನಿನ್ನ ಬಾಯಿಬಡುಕಿ ಅತ್ತೆ

ಮರೆಯುವ ಮೊದಲು: ಕಾಗದ ಮಡಚುವ ಹೊತ್ತಿಗೆ ನಿನ್ನ ಗಂಡ ಕೆಲಸದಿಂದ ಬಂದ. ಸಭೆಯ ಸುದ್ದಿ ಹೇಳಿದೆ, ಮುಖ ಬಿಳುಚಿಕೊಂಡಿತು. ನೀನು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಹೋದ ತಿಂಗಳೇ ಹೆಡ್‌ಮಾಸ್ಟರಿಗೆ ಇವನೇ ಹೇಳಿ ಬಂದಿದ್ದಾನಂತೆ. 'ಆ ಏಣಿ ಇನ್ನೊಂದ್ಸಲ ಅವಳನ್ನ ಬೀಳಿಸಿದ್ರೆ ನಾನೇನ್ ಮಾಡ್ಲಿ ಅಮ್ಮಾ' ಎಂದು ಬಾಗಿಲಿಗೆ ಒರಗಿ ನಿಂತ. ಹೆದರಿಕೆ ನಿಜವೇ, ಸುಳ್ಳಲ್ಲ. ಹಾಗಿದ್ದರೆ ಏಣಿ ಬದಲಿಸಿ ಎಂದು ಹೇಳಬೇಕಿತ್ತು. 'ಅವಳನ್ನ ಕೇಳಿದ್ಯೇನೋ' ಅಂದೆ. ಕೇಳಿಲ್ಲ. ರಾಜೀನಾಮೆ ಬರೆದು, ನಿನ್ನ ಸಹಿಗೆ ಜಾಗ ಬಿಟ್ಟು ಇಟ್ಟಿದ್ದಾನೆ, ಭಾನುವಾರ ಕಿತ್ತಳೆ ಹಣ್ಣಿನ ಜೊತೆ ತರುತ್ತಾನೆ. ನಿನಗೇ ಈ ಕೆಲಸ ಸಾಕಾಗಿದ್ದರೆ ಅದು ಬೇರೆ ಮಾತು, ಆಗಲೂ ನಿನ್ನ ಕೈಯಿಂದಲೇ ಬರೆ. ಸಾಕಾಗಿಲ್ಲವಾದರೆ ಅವನ ಮುಖ ನೋಡಿ ಕರಗಬೇಡ, ಬೈಯಲೂ ಬೇಡ, ಬೈಯುವುದನ್ನು ನಾನು ಮುಗಿಸಿದ್ದೇನೆ. ಹಣ್ಣು ತಿನ್ನು. ಆ ರಾಜೀನಾಮೆಯನ್ನು ಸಹಿ ಹಾಕದೆ ಅವನ ಕೈಯಲ್ಲೇ ವಾಪಸ್ ಕಳಿಸು.